ನಾಯಿಮರಿಯ ಕೊರಳಹಗ್ಗವೂ ಶ್ರಾವಕನ ಅಣುವ್ರತವೂ

ಘಣಸೋಲಿಯಲ್ಲಿ ಬೆಳಗಿನ ಆರೂವರೆಯ ಹೊತ್ತಿಗೆ ಠಾಣೆ ಮತ್ತು ವಾಶಿಯ ಕಡೆಗೆ ಹೋಗುವ ಲೋಕಲ್ ರೈಲುಗಳಿಗಾಗಿ ಜನ ನಿಲ್ದಾಣದತ್ತ ಧಾವಿಸತೊಡಗುತ್ತಾರೆ. ಅದೇ ಹೊತ್ತಿನಲ್ಲಿ ವಸತಿ ಸಂಕೀರ್ಣಗಳ ದ್ವಾರಗಳಿಂದ ನಾಯಿಗಳೂ ಅವುಗಳನ್ನು ಸಾಕಿದವರೂ ಹೊರಬೀಳುತ್ತಾರೆ. ಸೆಕ್ಟರಿನ ಯಾವುದೋ ತಿರುವಿನಲ್ಲಿ ನಾಲ್ಕು ತಿಂಗಳ ಮರಿಯೊಂದು ನಾಲ್ಕೂ ಕಾಲುಗಳನ್ನು ನೆಲಕ್ಕೆ ಊರಿ ನಿಂತುಬಿಡುತ್ತದೆ. ಗೃಹಸ್ಥನು ಎಳೆಯುತ್ತಾನೆ, ಅದು ಕುಳಿತುಕೊಳ್ಳುತ್ತದೆ. ಮತ್ತೆ ಎಳೆದರೆ ಹಗ್ಗವನ್ನೇ ಬಾಯಲ್ಲಿ ಹಿಡಿದು ಗುರುಗುಟ್ಟುತ್ತ ಜಗ್ಗುತ್ತದೆ. ಬೀದಿನಾಯಿ ಕಂಡೊಡನೆ ಮುಂದಕ್ಕೆ ಹಾರುತ್ತದೆ. ಸಿಟ್ಟಿನಲ್ಲಿ ಗೃಹಸ್ಥನ ಪ್ಯಾಂಟಿನ ಅಂಚಿಗೇ ಬಾಯಿ ಹಾಕುತ್ತದೆ. ಏಳೂಕಾಲರ ಲೋಕಲ್ ನೆನಪಾಗಿ, ಎದುರಿಗೆ ಬಂದ ನೆರೆಮನೆಯವರ ನೋಟಕ್ಕೆ ನಾಚಿ, ಅವನ ಕೈ ತಾನಾಗಿಯೇ ಹಗ್ಗವನ್ನು ಜೋರಾಗಿ ಜಗ್ಗುತ್ತದೆ. ಮರಿ ಕುಂಯ್ ಎನ್ನುತ್ತದೆ. ನಡಿಗೆ ಮುಂದುವರಿಯುತ್ತದೆ.

ಮನೆಗೆ ಮರಳಿದ ಅದೇ ಗೃಹಸ್ಥನು ಸ್ನಾನ ಮಾಡಿ ಣಮೋಕಾರ ಪಠಿಸುತ್ತಾನೆ. ಅವನ ಮನೆಯಲ್ಲಿ ನೀರನ್ನು ಸೋಸದೆ ಕುಡಿಯುವುದಿಲ್ಲ. ಕಂದಮೂಲ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ದಶಲಕ್ಷಣ ಪರ್ವದಲ್ಲಿ ಜೀವದಯಾ ನಿಧಿಗೆ ಕೊಟ್ಟ ದೇಣಿಗೆಯ ರಸೀದಿ ಕಡತದಲ್ಲಿ ಭದ್ರವಾಗಿರುತ್ತದೆ. ಇವೆಲ್ಲವೂ ಅಹಿಂಸೆಯ ಲೆಕ್ಕಕ್ಕೆ ಸೇರುತ್ತವೆ. ಬೆಳಗ್ಗೆ ಬೀದಿಯಲ್ಲಿ ಜಗ್ಗಿದ ಹಗ್ಗ ಮಾತ್ರ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಲೆಕ್ಕಪತ್ರದಲ್ಲಿ ಬರೆಯದೆ ಬಿಟ್ಟ ಬಾಬತ್ತೇ ಸಂಸ್ಥೆಯ ನಿಜಸ್ಥಿತಿಯನ್ನು ಹೇಳುವಂತೆ, ಶ್ರಾವಕನ ಅಣುವ್ರತದ ನಿಜಸ್ಥಿತಿಯನ್ನು ಹೇಳುವುದೂ ಈ ಬಿಟ್ಟುಹೋದ ಬಾಬತ್ತೇ ಆಗಿದೆ.

ಇದು ಅತಿಶಯೋಕ್ತಿ ಎನ್ನುವವರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಮತ್ತೊಮ್ಮೆ ತೆರೆದು ನೋಡಬೇಕು. ಅಹಿಂಸಾಣುವ್ರತಕ್ಕೆ ಹೇಳಿದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಈ ಐದರಲ್ಲಿ ಒಂದೂ ಪ್ರಾಣಹರಣವಲ್ಲ. ಐದೂ ಗೃಹಸ್ಥನು ತನ್ನ ವಶದಲ್ಲಿರುವ ಜೀವಕ್ಕೆ ದಿನನಿತ್ಯ ಮಾಡಬಹುದಾದ ಪೀಡೆಗಳು. ಎತ್ತು, ಕುದುರೆಗಳ ಕಾಲದಲ್ಲಿ ಹುಟ್ಟಿದ ಈ ಪಟ್ಟಿ ಇಂದಿನ ನಾಯಿಮರಿಗೂ ಅಕ್ಷರಶಃ ಹೊಂದುತ್ತದೆ. ಬಿಗಿದ ಕೊರಳಪಟ್ಟಿ ಮತ್ತು ಚೋಕ್ ಚೈನ್ ಬಂಧ. ಮೂತಿಗೆ ಕೊಡುವ ಪೆಟ್ಟು ವಧ. ಅಂದಕ್ಕಾಗಿ ಕಿವಿ, ಬಾಲ ಕತ್ತರಿಸುವುದು ಛೇದ. ಬೆಳೆಯುವ ಎಲುಬಿನ ಮರಿಯನ್ನು ವ್ಯಾಯಾಮದ ಹೆಸರಿನಲ್ಲಿ ಮೈಲಿಗಟ್ಟಲೆ ಓಡಿಸುವುದು ಅತಿಭಾರಕ್ಕೆ ಸಮಾನ. ಹೇಳಿದ ಮಾತು ಕೇಳಲಿಲ್ಲವೆಂದು ಊಟ ತಪ್ಪಿಸುವುದು ಅನ್ನಪಾನನಿರೋಧ.

ಹಾಗಾದರೆ ನಾಯಿಯನ್ನು ಕಟ್ಟಲೇಬಾರದೇ? ಲಾರಿ, ರಿಕ್ಷಾಗಳು ಎಡೆಬಿಡದೆ ಓಡುವ ಠಾಣೆ–ಬೇಲಾಪುರ ರಸ್ತೆಯ ಮಗ್ಗುಲಲ್ಲಿ ಮರಿಯನ್ನು ಬಿಟ್ಟು ನಡೆಸುವುದು ದಯೆಯಲ್ಲ. ಶ್ರಾವಕಾಚಾರದ ವ್ಯಾಖ್ಯಾನ ಪರಂಪರೆ ಈ ಪ್ರಶ್ನೆಯನ್ನು ಎಂದೋ ಎತ್ತಿಕೊಂಡಿದೆ. ಬಂಧದಲ್ಲಿ ಸಾಪೇಕ್ಷ ಮತ್ತು ನಿರಪೇಕ್ಷ ಎಂಬ ಭೇದವನ್ನು ಅದು ಮಾಡುತ್ತದೆ. ಕಾರಣವಿದ್ದು ಕಟ್ಟುವುದಾದರೂ ಸಡಿಲವಾಗಿ, ಬೆಂಕಿ ಬಿದ್ದರೆ ಪ್ರಾಣಿ ಬಿಡಿಸಿಕೊಂಡು ಪಾರಾಗುವಂತೆ ಕಟ್ಟಬೇಕು ಎಂಬುದು ಅದರ ತಾತ್ಪರ್ಯ. ಹಗ್ಗ ಇರುವುದು ರಕ್ಷಣೆಗೆ. ಕೋಪವನ್ನು ಕೈಯಿಂದ ಕೊರಳಿಗೆ ದಾಟಿಸುವುದಕ್ಕಲ್ಲ. ಸಡಿಲವಾದ ಹಗ್ಗದಲ್ಲಿ ನಡೆಯಲು ಕಲಿಸುವುದೇ ಇಂದಿನ ಶ್ವಾನ ಶಿಕ್ಷಣದ ಮೊದಲ ಪಾಠವೂ ಆಗಿರುವುದು ಗಮನಾರ್ಹ.

ಮರಿಯು ಹಠಮಾರಿಯೆಂದೂ ಅದಕ್ಕೆ ಯಜಮಾನಿಕೆ ತೋರಿಸಬೇಕೆಂದೂ ಹೇಳುವುದು ರೂಢಿ. ಆದರೆ ಹಠವೆಂದು ಕಾಣುವುದರ ಹಿಂದೆ ಬಹುಮಟ್ಟಿಗೆ ಇರುವುದು ವಯಸ್ಸು. ಮರಿಗೆ 28 ಹಾಲುಹಲ್ಲುಗಳಿರುತ್ತವೆ. ಮೂರೂವರೆ, ನಾಲ್ಕು ತಿಂಗಳಿನಿಂದ ಅವು ಉದುರತೊಡಗಿ, ಆರೇಳು ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಬಂದಿರುತ್ತವೆ. ಒಸಡು ನವೆಯುವ ಈ ಅವಧಿಯಲ್ಲಿ ಮುಂದೆ ತೂಗಾಡುವ ಹಗ್ಗವನ್ನು ಕಚ್ಚದಿರುವುದೇ ಆಶ್ಚರ್ಯ. ಎಳೆಯ ಮರಿ ದಿನಕ್ಕೆ ಹದಿನೆಂಟು ಗಂಟೆಯಷ್ಟು ನಿದ್ರಿಸಬೇಕಾದ ಜೀವ. ನಿದ್ದೆಗೆಟ್ಟ ಮಗು ರಂಪ ಮಾಡುವಂತೆ ನಿದ್ದೆಗೆಟ್ಟ ಮರಿ ಕಚ್ಚುತ್ತದೆ, ಗಿರಗಿರನೆ ಓಡುತ್ತದೆ, ಬಟ್ಟೆ ಎಳೆಯುತ್ತದೆ. ಸಂಜೆಯ ನಡಿಗೆಯಲ್ಲಿ ಕಾಣುವ ಹುಚ್ಚಾಟದ ಬಹುಪಾಲು ಆಯಾಸದ್ದೇ.

ಇನ್ನೊಂದು ಕಾರಣ ಭಯ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಮರಿಗಳ ಬೆಳವಣಿಗೆಯನ್ನು ದೀರ್ಘಕಾಲ ಅಭ್ಯಸಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥ, ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯನ್ನು ಮರಿಯು ಲೋಕದ ಪರಿಚಯ ಮಾಡಿಕೊಳ್ಳುವ ಮುಖ್ಯ ಕಾಲವೆಂದು ಗುರುತಿಸಿತು. ಅನೇಕ ಮರಿಗಳು ಆ ವಾರಗಳನ್ನು ಮಾರಾಟಗಾರನ ಗೂಡಿನಲ್ಲಿಯೂ, ನಂತರ ಲಸಿಕೆ ಮುಗಿಯುವವರೆಗೆ ಹತ್ತನೆಯ ಮಹಡಿಯ ಕೊಠಡಿಯಲ್ಲಿಯೂ ಕಳೆಯುತ್ತವೆ. ಒಂದು ದಿನ ಇದ್ದಕ್ಕಿದ್ದಂತೆ ಲಿಫ್ಟಿನ ಬಾಗಿಲು ತೆರೆದು ಬಸ್ಸಿನ ಹಾರ್ನು, ಕಟ್ಟಡ ಕೆಲಸದ ಸದ್ದು, ಗಣೇಶೋತ್ಸವದ ಢೋಲು, ಗುಂಪಾಗಿ ಬೊಗಳುವ ಬೀದಿನಾಯಿಗಳು ಒಮ್ಮೆಲೇ ಎದುರಾಗುತ್ತವೆ. ಕಾಲೂರಿ ಕುಳಿತ ಮರಿ ಹಠ ಮಾಡುತ್ತಿಲ್ಲ, ಅದಕ್ಕೆ ಹೆದರಿಕೆಯಾಗಿದೆ. ಬೀದಿನಾಯಿಯತ್ತ ಹಾರಿ ಬೊಗಳುವ ಮರಿಯೂ ಬಹಳ ಸಲ ಶೌರ್ಯ ತೋರಿಸುತ್ತಿರುವುದಿಲ್ಲ. ದೂರ ಹೋಗೆಂದು ಅಂಗಲಾಚುತ್ತಿರುತ್ತದೆ.

ಕಾರಣ ತಿಳಿದರೆ ಮಾರ್ಗವೂ ತಿಳಿಯುತ್ತದೆ. ಮೊದಲನೆಯದಾಗಿ, ಕುತ್ತಿಗೆಯ ಮೇಲೆ ಭಾರ ಬೀಳದಂತೆ ಹಾರ್ನೆಸ್ ಎನ್ನುವ ಎದೆಪಟ್ಟಿಯನ್ನೂ, ಐದಾರು ಅಡಿಯ ಹಗುರ ಹಗ್ಗವನ್ನೂ ಬಳಸಬೇಕು. ಅದನ್ನು ತೊಡಿಸುವ ಅಭ್ಯಾಸ ಬೀದಿಯಲ್ಲಲ್ಲ, ಮನೆಯೊಳಗೆ ಆಗಬೇಕು. ಎರಡನೆಯದಾಗಿ, ಹಗ್ಗ ಬಿಗಿಯಾದ ಕ್ಷಣದಲ್ಲಿ ಗೃಹಸ್ಥನು ಮರದಂತೆ ನಿಲ್ಲಬೇಕು. ಎಳೆಯಬಾರದು, ಬೈಯಬಾರದು. ಮರಿ ತಿರುಗಿ ನೋಡಿ ಹಗ್ಗ ಸಡಿಲವಾದೊಡನೆ ಮೆಚ್ಚಿ, ಮೊಣಕಾಲ ಬಳಿಯಲ್ಲಿ ಒಂದು ತುಣುಕು ತಿನಿಸು ಕೊಟ್ಟು ಮುಂದೆ ನಡೆಯಬೇಕು. ಎಳೆದರೆ ದಾರಿ ನಿಲ್ಲುತ್ತದೆ, ಜೊತೆಗೆ ನಡೆದರೆ ದಾರಿ ಸಾಗುತ್ತದೆ ಎಂಬ ಒಂದೇ ಪಾಠವನ್ನು ಅದು ಕಲಿಯಬೇಕಾಗಿದೆ. ಮೊದಲ ವಾರಗಳಲ್ಲಿ ಹತ್ತು ನಿಮಿಷದಲ್ಲಿ ಐವತ್ತು ಹೆಜ್ಜೆಯೂ ಸಾಗದಿರಬಹುದು. ಆ ಹತ್ತು ನಿಮಿಷವನ್ನೇ ಪಾಠದ ಕಾಲವೆಂದು ತಿಳಿಯಬೇಕು.

ಮೂರನೆಯದಾಗಿ, ಮರಿ ಹಗ್ಗವನ್ನು ಕಚ್ಚಿದಾಗ ಮರಳಿ ಜಗ್ಗಬಾರದು. ಜಗ್ಗಿದರೆ ಅದು ಆಟವಾಗುತ್ತದೆ, ಆಟದಲ್ಲಿ ಮರಿಗೆ ಸೋಲುವ ಮನಸ್ಸಿಲ್ಲ. ಕೈ ನಿಶ್ಚಲವಾಗಿರಲಿ, ಕಚ್ಚಲು ಗಂಟುಹಾಕಿದ ಹಳೆಯ ಬಟ್ಟೆಯೊಂದನ್ನು ಕೊಡಬಹುದು ಅಥವಾ ನಾಲ್ಕು ಕಾಳು ಆಹಾರವನ್ನು ಹುಲ್ಲಿನ ಮೇಲೆ ಚೆಲ್ಲಿ ಹುಡುಕಲು ಬಿಡಬಹುದು. ಮೂಗು ನೆಲಕ್ಕೆ ತಾಗಿದೊಡನೆ ಮನಸ್ಸು ಶಾಂತವಾಗುತ್ತದೆ. ನಡಿಗೆಯಲ್ಲಿ ಮೂಸಲು ಬಿಡುವುದೂ ಕಾಲಹರಣವಲ್ಲ. ಮನುಷ್ಯನಿಗೆ ಬೆಳಗಿನ ವೃತ್ತಪತ್ರಿಕೆ ಹೇಗೋ ನಾಯಿಗೆ ಕಂಬದ ಬುಡ ಹಾಗೆ. ನಾಲ್ಕನೆಯದಾಗಿ, ಮರಿ ಕುಳಿತುಬಿಟ್ಟರೆ ಅದು ಯಾವುದನ್ನು ನೋಡುತ್ತಿದೆಯೆಂದು ಗಮನಿಸಬೇಕು, ಬಗ್ಗಿ ಕರೆಯಬೇಕು, ಬರದಿದ್ದರೆ ಬಂದ ದಾರಿಯಲ್ಲೇ ಮರಳಬೇಕು. ಬೀದಿನಾಯಿಗಳ ಗುಂಪು ಕಂಡರೆ ಅದು ಹತ್ತಿರವಾಗುವ ಮುನ್ನವೇ ಬಳಸಿಕೊಂಡು ಹೋಗುವುದು ಹೇಡಿತನವಲ್ಲ. ಲಸಿಕೆ ಪೂರ್ಣವಾಗದ ಮರಿಯನ್ನು ನೆಲಕ್ಕಿಳಿಸದೆ ತೋಳಿನಲ್ಲಿ ಎತ್ತಿಕೊಂಡೇ ಬೀದಿಯ ಸದ್ದುಗದ್ದಲದ ಪರಿಚಯ ಮಾಡಿಸಬಹುದು.

ಇಲ್ಲಿಯ ಹವೆಗೂ ಕೆಲವು ಎಚ್ಚರಿಕೆಗಳು ಬೇಕು. ಮೇ ತಿಂಗಳ ಡಾಂಬರಿನ ಮೇಲೆ ಅಂಗೈಯ ಹಿಂಬದಿಯನ್ನು ಐದು ಕ್ಷಣ ಇಡಲಾಗದಿದ್ದರೆ ಅಲ್ಲಿ ಮರಿಯ ಪಾದವನ್ನೂ ಇರಿಸಬಾರದು. ಮಳೆಗಾಲದಲ್ಲಿ ನಿಂತ ನೀರಿನಿಂದ ಇಲಿಜ್ವರ ಹರಡುವುದರಿಂದ ಆ ಲಸಿಕೆಯನ್ನು ಪಶುವೈದ್ಯರಲ್ಲಿ ಕೇಳಿ ಹಾಕಿಸಬೇಕು. ಹೊಂಡದ ನೀರನ್ನು ನೆಕ್ಕಲು ಬಿಡಬಾರದು. ಬಹುಮಾನದ ತಿನಿಸಿಗೆ ಶ್ರಾವಕರ ಅಡುಗೆಮನೆಯಲ್ಲಿಯೇ ಬೇಕಾದಷ್ಟಿದೆ: ಉಪ್ಪಿಲ್ಲದ ಪನೀರಿನ ಚೂರು, ಬೇಯಿಸಿದ ಸಿಹಿಗುಂಬಳ, ಬೀಜ ತೆಗೆದ ಸೇಬು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಗೆ ವಿಷಕರ. ಆ ಅಪಾಯ ಅನೇಕ ಜೈನ ಮನೆಗಳಲ್ಲಿ ತಾನಾಗಿಯೇ ಇಲ್ಲ. ಆದರೆ ಪ್ರಸಾದದ ಒಣದ್ರಾಕ್ಷಿಯೂ, ಮಕ್ಕಳ ಚಾಕೊಲೇಟೂ ಅಷ್ಟೇ ಅಪಾಯಕಾರಿಯೆಂಬುದು ಹಲವರಿಗೆ ತಿಳಿದಿರುವುದಿಲ್ಲ.

ಇಷ್ಟೆಲ್ಲ ತಾಳ್ಮೆಗಿಂತ ಎರಡು ಪೆಟ್ಟು ಬೇಗ ಫಲ ಕೊಡುತ್ತದೆ ಎನ್ನುವವರಿಗೆ ವಿಜ್ಞಾನವೇ ಉತ್ತರ ಕೊಡುತ್ತದೆ. ಪೋರ್ಚುಗಲ್ಲಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 92 ಸಾಕುನಾಯಿಗಳನ್ನು ಪರೀಕ್ಷಿಸಲಾಯಿತು. ದಂಡನೆಯ ವಿಧಾನ ಹೆಚ್ಚಾಗಿದ್ದ ಶಾಲೆಗಳ ನಾಯಿಗಳಲ್ಲಿ, ಬಹುಮಾನದಿಂದ ಕಲಿತವುಗಳಿಗಿಂತ ಒತ್ತಡದ ಲಕ್ಷಣಗಳು ಹೆಚ್ಚಾಗಿ ಕಂಡುಬಂದವು. ಪಾಠದ ನಂತರ ಜೊಲ್ಲಿನಲ್ಲಿ ಕಾರ್ಟಿಸಾಲ್ ಪ್ರಮಾಣವೂ ಏರಿತ್ತು. ಅಮೆರಿಕದ ಪಶುವೈದ್ಯ ವರ್ತನಾತಜ್ಞರ ಸಂಘವು 2021ರಲ್ಲಿ ಬಹುಮಾನಾಧಾರಿತ ಶಿಕ್ಷಣವನ್ನೇ ಎಲ್ಲ ನಾಯಿಗಳಿಗೂ ಶಿಫಾರಸು ಮಾಡಿತು. ವಿದ್ಯುದಾಘಾತ ಕೊಡುವ ಕೊರಳಪಟ್ಟಿಗಳನ್ನು ವೇಲ್ಸ್ ದೇಶ 2010ರಲ್ಲಿಯೇ ನಿಷೇಧಿಸಿತು. ಅವು ಭಾರತದಲ್ಲಿ ಇಂದಿಗೂ ಆನ್‌ಲೈನ್ ಅಂಗಡಿಗಳಲ್ಲಿ ದೊರೆಯುತ್ತಿವೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜ, ಆ ಮಾತನ್ನು ಹಾಗೆ ಸಾರದ ನಾಡುಗಳಿಗಿಂತ ಹಿಂದುಳಿಯುವುದು ಶೋಭೆಯಲ್ಲ.

ಅನೇಕ ಮನೆಗಳಲ್ಲಿ ಗೃಹಸ್ಥನು ಹಗ್ಗವನ್ನೇ ಹಿಡಿಯುವುದಿಲ್ಲ. ಮರಿಯನ್ನು ನಡೆಸಲು ತಿಂಗಳ ಸಂಬಳಕ್ಕೆ ಒಬ್ಬ ಹುಡುಗನಿದ್ದಾನೆ. ಅವನು ಒಂದೇ ಹೊತ್ತಿಗೆ ನಾಲ್ಕು ನಾಯಿಗಳನ್ನು ಮೊಬೈಲ್ ನೋಡುತ್ತ ಎಳೆದೊಯ್ಯುತ್ತಾನೆ. ಇನ್ನು ಕೆಲವರು ಒಂದು ತಿಂಗಳಲ್ಲಿ ಸಾಧುವಾಗಿಸಿ ಕೊಡುವೆನೆಂಬ ತರಬೇತುದಾರನ ಕೈಗೆ ಮರಿಯನ್ನು ಒಪ್ಪಿಸಿ, ಅವನ ವಿಧಾನವೇನೆಂದು ಕೇಳುವುದೇ ಇಲ್ಲ. ಆದರೆ ಜೈನ ಸಿದ್ಧಾಂತವು ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸಂಬಳ ಕೊಟ್ಟು ಹೊಡೆಸಿದ ಪೆಟ್ಟು ಕಾರಿತ. ಕಂಡೂ ಸುಮ್ಮನಿದ್ದದ್ದು ಅನುಮೋದಿತ. ಕೆಲಸವನ್ನು ಇನ್ನೊಬ್ಬನಿಗೆ ವಹಿಸಬಹುದು, ಹೊಣೆಯನ್ನು ವಹಿಸಲಾಗದು. ಆ ಹುಡುಗನಿಗೂ ಸರಿಯಾದ ಕ್ರಮ ಕಲಿಸಿ, ಒಂದು ನಾಯಿಗೆ ತಕ್ಕ ಸಮಯಕ್ಕೆ ತಕ್ಕ ಸಂಬಳ ಕೊಡುವುದು ಗೃಹಸ್ಥನ ಕರ್ತವ್ಯ.

ಇಲ್ಲಿ ಹಿರಿಯರ ಒಂದು ಆಕ್ಷೇಪವನ್ನು ಗೌರವದಿಂದ ಎದುರಿಸಬೇಕು. ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಶ್ರಾವಕಾಚಾರವು ಮೆಚ್ಚುವುದಿಲ್ಲ. ಹಾಗಿರುವಾಗ ಜೈನ ಮನೆಗೆ ನಾಯಿಯೇಕೆ ಎಂಬುದು ಆ ಆಕ್ಷೇಪ. ಅದರಲ್ಲಿ ಸತ್ಯವಿದೆ. ಹಿಮಪ್ರದೇಶದ ಹಸ್ಕಿಯನ್ನು ಕೊಂಕಣದ ಸೆಕೆಗೆ ತಂದು ಹವಾನಿಯಂತ್ರಣದ ಕೊಠಡಿಯಲ್ಲಿ ಕೂಡಿಹಾಕುವುದು ಪ್ರೇಮವಲ್ಲ, ಪರಿಗ್ರಹ. ಮಗನ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಜೀವವೊಂದನ್ನು ಕೊಳ್ಳುವ ಮೊದಲು ಹತ್ತು ಹನ್ನೆರಡು ವರ್ಷಗಳ ಸಮಯ, ಸ್ಥಳ, ವೈದ್ಯಕೀಯ ವೆಚ್ಚಗಳ ಅಂದಾಜುಪಟ್ಟಿಯನ್ನು ಮಾಡಬೇಕು. ಸಾಧ್ಯವಿಲ್ಲವೆಂದು ತೋರಿದರೆ ತಾರದಿರುವುದೇ ವ್ರತಕ್ಕೆ ಅನುಗುಣ. ಆದರೆ ತಂದಾದ ಮೇಲೆ ಈ ಆಕ್ಷೇಪವು ಹೊಣೆಯಿಂದ ಜಾರಿಕೊಳ್ಳುವ ನೆಪವಾಗಬಾರದು. ಎಂಟು ತಿಂಗಳಿಗೆ ಮರಿ ದೊಡ್ಡದಾಗಿ, ಎಳೆತ ಹೆಚ್ಚಾಗಿ, ಸೊಸೈಟಿಯಿಂದ ದೂರುಪತ್ರ ಬಂದಾಗ ‘ಊರಿನ ತೋಟಕ್ಕೆ ಕಳುಹಿಸಿದರೆ ಹಾಯಾಗಿರುತ್ತದೆ’ ಎಂಬ ಮಾತು ಹೊರಡುತ್ತದೆ. ಕರಾವಳಿಯ ತೋಟದ ಮನೆಗಳನ್ನು ಬಲ್ಲವರಿಗೆ ಆ ಹಾಯಿಯ ಸ್ವರೂಪವೂ ಗೊತ್ತು: ಹಗಲೆಲ್ಲ ಗೂಡು ಅಥವಾ ಸರಪಳಿ, ರಾತ್ರಿ ಕಾವಲು. ಕಳುಹಿಸುವ ತೋಟವೂ ಇಲ್ಲದವರಲ್ಲಿ ಕೆಲವರು ಹೆದ್ದಾರಿಯ ಬದಿಯಲ್ಲಿ ಬಿಟ್ಟುಬರುತ್ತಾರೆ. ಹಾಗೆ ಬಿಟ್ಟ ನಾಯಿಯೇ ನಾಳೆಯ ಬೀದಿನಾಯಿ.

ಈ ಪ್ರಶ್ನೆ ಮನೆಯ ಹೊಸ್ತಿಲನ್ನು ದಾಟಿ ರಾಜಕಾರಣಕ್ಕೆ ಬರುವುದು ಇಲ್ಲಿಯೇ. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯದ ಪೀಠವೊಂದು ರಾಜಧಾನಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯಕೇಂದ್ರಗಳಿಗೆ ಒಯ್ಯಲು ಆದೇಶಿಸಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ತಗುಲಿದ ಮತ್ತು ಆಕ್ರಮಣಕಾರಿಯಾದ ನಾಯಿಗಳನ್ನುಳಿದು ಮಿಕ್ಕವನ್ನು ಸಂತಾನಹರಣ ಮತ್ತು ಲಸಿಕೆಯ ಬಳಿಕ ಅವು ಇದ್ದಲ್ಲಿಗೇ ಬಿಡಬೇಕೆಂದಿತು. ಅಂದಿನಿಂದ ವಸತಿ ಸಂಕೀರ್ಣಗಳು ಶ್ವಾನಪ್ರೇಮಿಗಳು, ಶ್ವಾನದ್ವೇಷಿಗಳು ಎಂದು ಎರಡಾಗಿ ಜಗಳವಾಡುತ್ತಿವೆ. ಎರಡೂ ಕಡೆಯ ಘೋಷಣೆಗಳಲ್ಲಿ ಕೇಳಿಬಾರದ ಮಾತೊಂದಿದೆ: ಸಾಕಿದವರ ಶಿಸ್ತು. ನಾಯಿಯನ್ನು ಕಂಡು ಹೆದರುವ ಮಗುವಿನ, ಮೊಣಕಾಲು ನೋವಿನ ಅಜ್ಜಿಯ ಭಯವೂ ಪೀಡೆಯೇ. ಲಿಫ್ಟಿನಲ್ಲಿ ಹಗ್ಗವನ್ನು ಗಿಡ್ಡವಾಗಿ ಹಿಡಿದು ಅವರಿಗೆ ಮೊದಲ ಅವಕಾಶ ಕೊಡುವುದು, ಮರಿಯ ಮಲವನ್ನು ತಾನೇ ತೆಗೆಯುವುದು, ಲಸಿಕೆ ಮತ್ತು ನೋಂದಣಿಗಳನ್ನು ಸಕಾಲದಲ್ಲಿ ಮಾಡಿಸುವುದು ಅಹಿಂಸೆಯ ಅಂಗಗಳೇ. ಅತ್ತ, ಸಾಕುನಾಯಿಗಳನ್ನು ಸಂಪೂರ್ಣ ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಗಳಿಗಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿಯೇ ಹೇಳಿದೆ.

ಕಾನೂನಿನ ಸ್ಥಿತಿಯನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 11ನೆಯ ಪ್ರಕರಣವು ಪ್ರಾಣಿಯನ್ನು ಹೊಡೆಯುವುದನ್ನೂ, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ದೀರ್ಘಕಾಲ ಕಟ್ಟುವುದನ್ನೂ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನೂ ಅಪರಾಧವೆನ್ನುತ್ತದೆ. ಪಟ್ಟಿ ಐದು ಅತಿಚಾರಗಳಿಗೆ ಎಷ್ಟು ಹತ್ತಿರವಿದೆಯೆಂಬುದು ಕಣ್ಣಿಗೆ ಹೊಡೆಯುವಂತಿದೆ. ಆದರೆ ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಅರುವತ್ತು ವರ್ಷಗಳಿಗೂ ಮಿಕ್ಕಿದ ಹಣದುಬ್ಬರ ಈ ಒಂದು ಸಾಲನ್ನು ಮಾತ್ರ ಮುಟ್ಟಿಲ್ಲ. ಇಂದು ಘಣಸೋಲಿ ನಿಲ್ದಾಣದ ಹೊರಗೆ ಒಂದು ವಡಾಪಾವಿಗೂ ಹತ್ತು ರೂಪಾಯಿ ಸಾಲದು. ಗೋಶಾಲೆಗಳಿಗೆ ಅನುದಾನ ಕೇಳುವ, ಪರ್ವದ ದಿನಗಳಲ್ಲಿ ಕಸಾಯಿಖಾನೆ ಮುಚ್ಚಿಸಲು ಮನವಿ ಕೊಡುವ ಸಮಾಜದ ಮುಖಂಡರು ಈ ದಂಡದ ಪರಿಷ್ಕರಣೆಗಾಗಿ ಅಷ್ಟೇ ಗಟ್ಟಿಯಾಗಿ ಕೇಳಿದ್ದರೆ ಅದಕ್ಕೆ ಬೆಲೆಯಿರುತ್ತಿತ್ತು.

ಮುಂಬಯಿಗೆ ಈ ವಿಷಯದಲ್ಲಿ ಹಳೆಯ ನೆನಪೂ ಇದೆ. 1832ರಲ್ಲಿ ಕಂಪನಿ ಆಡಳಿತದ ಪೊಲೀಸರು ಬೀದಿನಾಯಿಗಳನ್ನು ಕೊಲ್ಲತೊಡಗಿದಾಗ ಪಾರ್ಸಿಗಳು ಸಿಡಿದೆದ್ದರು, ನಗರದ ವ್ಯವಹಾರ ಸ್ತಬ್ಧವಾಯಿತು. ಎರಡು ವರ್ಷಗಳ ನಂತರ, 1834ರಲ್ಲಿ, ಜಮ್ಶೆಟ್ಜಿ ಜೀಜೀಭಾಯ್ ಮತ್ತಿತರ ವರ್ತಕರ ಮುಂದಾಳತ್ವದಲ್ಲಿ ಭುಲೇಶ್ವರದ ಪಾಂಜರಾಪೋಳ ಸ್ಥಾಪನೆಯಾಯಿತು. ಅಂದಿನ ವರ್ತಕರು ನಾಯಿಯ ಪ್ರಾಣಕ್ಕಾಗಿ ಅಧಿಕಾರವನ್ನು ಎದುರು ಹಾಕಿಕೊಂಡರು. ಇಂದಿನ ಗೃಹಸ್ಥನಿಗೆ ಬೇಕಾಗಿರುವುದು ಅಷ್ಟು ಧೈರ್ಯವಲ್ಲ, ಬೆಳಗ್ಗೆ ಹದಿನೈದು ನಿಮಿಷದ ಸಹನೆ.

ಕನ್ನಡದ ಜೈನ ಕಾವ್ಯವು ಈ ಸಹನೆಗೆ ಬೇಕಾದ ಕಥೆಗಳನ್ನು ಬಹು ಹಿಂದೆಯೇ ಕೊಟ್ಟಿದೆ. ಜನ್ನನ ಯಶೋಧರ ಚರಿತೆಯಲ್ಲಿ ತಾಯಿ ಚಂದ್ರಮತಿ ನಾಯಿಯಾಗಿ ಹುಟ್ಟಿ, ತನ್ನ ಮೊಮ್ಮಗನ ಅರಮನೆಯನ್ನೇ ಸೇರುತ್ತಾಳೆ. ಆ ಮೊಮ್ಮಗ ಯಶೋಮತಿ ಒಂದು ಕ್ಷಣದ ಕೋಪದಲ್ಲಿ ಹೊಡೆದ ಪೆಟ್ಟಿಗೆ ಸಾಯುತ್ತಾಳೆ. ಹೊಡೆದವನಿಗೆ ತಾನು ಯಾರನ್ನು ಹೊಡೆದೆನೆಂದು ತಿಳಿದಿರಲಿಲ್ಲ. ಭಾಸ್ಕರ ಕವಿ 1424ರಲ್ಲಿ ಹೇಳಿದ ಜೀವಂಧರನ ಕಥೆಯಲ್ಲಿ ಜನರಿಂದ ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ರಾಜಕುಮಾರನು ಪಂಚನಮಸ್ಕಾರ ಮಂತ್ರವನ್ನು ಉಸುರುತ್ತಾನೆ. ಆ ನಾಯಿ ಯಕ್ಷನಾಗಿ ಹುಟ್ಟಿ ಅವನ ಆಪತ್ತುಗಳಲ್ಲಿ ನೆರವಾಗುತ್ತದೆ. ಒಬ್ಬನ ಕೈ ಎತ್ತಿತು, ಇನ್ನೊಬ್ಬನ ತಲೆ ಬಾಗಿತು. ಬೀದಿಯಲ್ಲಿ ಹಗ್ಗ ಹಿಡಿದ ಪ್ರತಿಯೊಬ್ಬ ಶ್ರಾವಕನ ಮುಂದೆಯೂ ಈ ಎರಡೇ ದಾರಿಗಳಿವೆ.

ಸಮಾಜದ ಸಂಘಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮಹಾವೀರ ಜಯಂತಿಯ ಕಾರ್ಯಕ್ರಮಗಳಲ್ಲಿ ಸನ್ಮಾನದ ಹಾರಗಳನ್ನು ಎರಡು ಕಡಿಮೆ ಮಾಡಿ, ಪಶುವೈದ್ಯರೊಬ್ಬರನ್ನು ಕರೆಸಿ ಒಂದು ಗಂಟೆ ಈ ವಿಷಯ ಹೇಳಿಸಬಹುದು. ನಾಯಿ ಸಾಕಬೇಕೆನ್ನುವ ಕುಟುಂಬಗಳಿಗೆ, ಕೊಳ್ಳುವ ಬದಲು ಬೀದಿಯ ಮರಿಯೊಂದನ್ನು ದತ್ತು ಪಡೆಯಲು ಯುವಕ ಮಂಡಳಿಗಳು ನೆರವಾಗಬಹುದು. ಪಾಠಶಾಲೆಯ ಮಕ್ಕಳಿಗೆ ಐದು ಅತಿಚಾರಗಳನ್ನು ಬಾಯಿಪಾಠ ಮಾಡಿಸುವಾಗ, ಎತ್ತಿನ ಗಾಡಿಯ ಉದಾಹರಣೆಯ ಜೊತೆಗೆ ಅವರು ದಿನವೂ ಕಾಣುವ ನಾಯಿಮರಿಯ ಉದಾಹರಣೆಯನ್ನೂ ಕೊಡಬಹುದು.

ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯದು. ಪರ್ವ ಮುಗಿದ ಮೇಲೆ ಕ್ಷಮಾವಾಣಿಯಂದು ಸಕಲ ಜೀವಗಳ ಕ್ಷಮೆ ಕೋರುವ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ನೂರಾರು ಸಂಖ್ಯೆಯಲ್ಲಿ ಹರಿಯುತ್ತವೆ. ಆ ಸಕಲ ಜೀವಗಳಲ್ಲಿ ಒಂದು ಅದೇ ಮನೆಯ ಬಾಗಿಲ ಬಳಿ, ಹಗ್ಗವನ್ನು ಕಂಡೊಡನೆ ಬಾಲ ಅಲ್ಲಾಡಿಸುತ್ತ ನಿಂತಿರುತ್ತದೆ. ನಿನ್ನೆಯ ಜಗ್ಗಾಟವನ್ನು ಅದು ಮನಸ್ಸಿನಲ್ಲಿಟ್ಟುಕೊಂಡಿರುವುದಿಲ್ಲ. ಅದಕ್ಕೆ ಸಂದೇಶ ಕಳುಹಿಸಬೇಕಾಗಿಲ್ಲ. ಕೈಯಲ್ಲಿರುವ ಹಗ್ಗವನ್ನು ಸಡಿಲ ಬಿಟ್ಟರೆ ಸಾಕು.